ಬೇತಾಳನಿಗೆ ರೂಪ ಕೊಟ್ಟ ಶಂಕರ್

ಒರೆಯಿಂದ ಹಿರಿದ ಕತ್ತಿ, ಹೆಗಲ ಮೇಲೆ ಜೋತುಬಿದ್ದ ಹೆಣ, ಅಳುಕಿಲ್ಲದೆ ಮುಂದಿಟ್ಟ ಹೆಜ್ಜೆ. ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ದ ಬೇತಾಳ ಕಥೆಗಳ ರಾಜನ ಆ ಚಿತ್ರ ನೋಡಿ ಎಷ್ಟು ಹೆದರಿದರೂ ಕಣ್ಣು ಕೀಳಲು ನಮಗೆ ಮನಸ್ಸು ಬರುತ್ತಿರಲಿಲ್ಲ. ಅದನ್ನು ಬರೆದವರು ಕೆ.ಸಿ. ಶಿವಶಂಕರನ್, ಓದುಗರ ಪ್ರೀತಿಯ ‘ಶಂಕರ್’. 1924ರಲ್ಲಿ ತಮಿಳುನಾಡಿನಲ್ಲಿ ಹುಟ್ಟಿ, ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, 1950ರ ದಶಕದ ಆರಂಭದಲ್ಲಿ ಚಂದಮಾಮ ಸೇರಿದರು.

ಅಂಗೈಯಗಲದ ಜಾಗದಲ್ಲಿ ಅರಮನೆ, ಅಡವಿ, ಆಶ್ರಮಗಳನ್ನೆಲ್ಲ ತುಂಬಿಸಬಲ್ಲ ಗೆರೆ ಅವರದು. ಕಥೆ ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ಚಿತ್ರ ಎಲ್ಲ ಮಕ್ಕಳಿಗೂ ಒಂದೇ. ಅಕ್ಷರ ಕಲಿಯುವ ಮೊದಲೇ ನಾವು ಓದಿದ್ದು ಅವರ ಗೆರೆಗಳನ್ನು.

2020ರ ಸೆಪ್ಟೆಂಬರ್ 29ರಂದು ಅವರು ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ, ಮರಣೋತ್ತರವಾಗಿ. ಮನೆಯಲ್ಲಿ ಹಳೆಯ ಚಂದಮಾಮಗಳಿದ್ದರೆ ರದ್ದಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಿ.