ಕೆಸರೂರಿನ ಬೆಂಕಿ, ಬಾರದ ಬಿಲ್ಲು

ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನು ನಾನು ಮೊದಲ ಸಲ ಓದಿದ್ದು ಕಾಲೇಜಿನ ದಿನಗಳಲ್ಲಿ. ಏಲಕ್ಕಿ ಇಳುವರಿ ಯಾಕೆ ಕುಸಿಯಿತೆಂದು ಪತ್ತೆ ಮಾಡಲು ಬರುವ ಅಧಿಕಾರಿ ಅಂಗಡಿ, ವಿಜ್ಞಾನಿಯೊಬ್ಬನ ನಿಗೂಢ ಸಾವು, ಊರಿನ ಜಾತಿ-ಮತದ ಜಗಳಗಳು, ಹುಡುಗ ಹುಡುಗಿಯ ಪ್ರೇಮ. ಹಾಸ್ಟೆಲ್ಲಿನ ಮಂಚದ ಮೇಲೆ ಬಿದ್ದುಕೊಂಡು ನಕ್ಕಿದ್ದೇ ನಕ್ಕಿದ್ದು. ಸುತ್ತಲ ಗುಡ್ಡಗಳ ಮೇಲೆ ಲಂಟಾನ ಹಬ್ಬುತ್ತಿರುವ ವಿವರ ಬಂದಾಗಲೆಲ್ಲ ಕಣ್ಣು ಸಾಲುಗಳನ್ನು ಹಾರಿಸಿ ಮುಂದಿನ ಜಗಳಕ್ಕೆ ಓಡುತ್ತಿತ್ತು. ಕೊನೆಯಲ್ಲಿ ಅದೇ ಲಂಟಾನಕ್ಕೆ ಬೆಂಕಿ ಬಿದ್ದು ಕೆಸರೂರನ್ನು ಸುತ್ತುವರಿದಾಗ, ಇದೇನಪ್ಪ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎನಿಸಿತ್ತು. ಬೆಂಕಿ ಇದ್ದಕ್ಕಿದ್ದಂತೆ ಬಂದಿರಲಿಲ್ಲ. ನಾನೂ ಕೆಸರೂರಿನವರ ಹಾಗೆಯೇ ಓದಿದ್ದೆ, ಅಷ್ಟೆ.

ಇತ್ತೀಚೆಗೆ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡದ್ದು ಅಮಿತಾವ್ ಘೋಷ್ ಅವರ 'ದಿ ಗ್ರೇಟ್ ಡಿರೇಂಜ್‌ಮೆಂಟ್' ಓದಿದ ಮೇಲೆ. 2016ರಲ್ಲಿ ಬಂದ ಈ ಪುಸ್ತಕ ಕೇಳುವ ಪ್ರಶ್ನೆ ನೇರವಾದದ್ದು: ಹವಾಮಾನ ಬದಲಾವಣೆಯಂಥ ದೊಡ್ಡ ಸಂಗತಿ ನಮ್ಮ ಗಂಭೀರ ಸಾಹಿತ್ಯದೊಳಗೆ ಯಾಕೆ ಬರುತ್ತಿಲ್ಲ? 1978ರ ಮಾರ್ಚ್ 17ರಂದು ದೆಹಲಿಯಲ್ಲಿ ಎದ್ದ ಸುಂಟರಗಾಳಿಯನ್ನು ವಿದ್ಯಾರ್ಥಿಯಾಗಿದ್ದ ಘೋಷ್ ಕಣ್ಣಾರೆ ಕಂಡಿದ್ದರು. ಆದರೂ ಅದನ್ನು ಯಾವ ಕಾದಂಬರಿಯಲ್ಲೂ ತರಲು ತಮಗೆ ಸಾಧ್ಯವಾಗಲಿಲ್ಲ ಎನ್ನುತ್ತಾರೆ. ಆಧುನಿಕ ಕಾದಂಬರಿ ದಿನನಿತ್ಯದ ಕ್ರಮಬದ್ಧ ಬದುಕನ್ನು ನಂಬಿ ಬೆಳೆದದ್ದು. ಅಸಂಭವವೆಂದು ತೋರುವುದನ್ನು ಅದು ಹೊಸ್ತಿಲಾಚೆಯೇ ನಿಲ್ಲಿಸುತ್ತದೆ. ಒಳಗೆ ಬಿಟ್ಟರೆ ಕೃತಿಗೆ ವಿಜ್ಞಾನ ಕತೆಯೆಂಬ ಹಣೆಪಟ್ಟಿ ಬೀಳುತ್ತದೆ. ಹಾಗಾಗಿ ಈ ಬಿಕ್ಕಟ್ಟು ಸಂಸ್ಕೃತಿಯ ಬಿಕ್ಕಟ್ಟು, ಕಲ್ಪನೆಯ ಬಿಕ್ಕಟ್ಟು. ಇದು ಘೋಷ್ ಅವರ ವಾದ.

ವಾದ ಆಕರ್ಷಕವಾಗಿದೆ. ಆದರೆ ಕನ್ನಡದ ಓದುಗನಿಗೆ ಇದು ಪೂರ್ತಿ ಒಪ್ಪಿಗೆಯಾಗುವುದು ಕಷ್ಟ. 1985ರಲ್ಲೇ ಮಲೆನಾಡಿನ ಒಂದು ಊರನ್ನು ಇಟ್ಟುಕೊಂಡು ತೇಜಸ್ವಿ ಈ ಕೆಲಸ ಮಾಡಿದ್ದಾರೆ. ಅವರ ಬೆಂಕಿಗೆ ಯಾರೂ ವಿಜ್ಞಾನ ಕತೆಯ ಪಟ್ಟಿ ಹಚ್ಚಲಿಲ್ಲ. ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಪರಿಸರದ ದುರಂತವನ್ನು ಕಾದಂಬರಿಯ ಒಳಕ್ಕೆ ತರುವುದು ಅಸಾಧ್ಯವೇನಲ್ಲ. ತಂದ ಮೇಲೂ ನನ್ನಂಥ ಓದುಗ ಅದನ್ನು ದಾಟಿ ಹೋದ ಎಂಬುದೇ ನಿಜವಾದ ತೊಡಕು. ಕಲ್ಪನೆ ಇದ್ದೂ ಕಾಣದಿರುವುದು ಹೇಗೆ?

ಇದಕ್ಕೆ ತೇಜಸ್ವಿ ಕೊಡುವ ಉತ್ತರ ಘೋಷ್ ಅವರದಕ್ಕಿಂತ ಒರಟು, ಹಾಗಾಗಿ ನನಗೆ ಹೆಚ್ಚು ನಿಜ. ಕೆಸರೂರಿನವರು ಮೂರ್ಖರಲ್ಲ, ಕಲ್ಪನಾಹೀನರೂ ಅಲ್ಲ. ಇಲ್ಲದ ಪಿತೂರಿಗಳನ್ನು ಗಂಟೆಗೊಂದರಂತೆ ಕಲ್ಪಿಸಿಕೊಳ್ಳಬಲ್ಲವರು. ಅವರ ಪ್ರತಿ ಜಗಳಕ್ಕೂ ಒಬ್ಬ ವಾರಸುದಾರನಿದ್ದಾನೆ. ಜಾತಿಯ ಮಾನಕ್ಕೆ ಒಬ್ಬ, ತೋಟದ ಫಸಲಿಗೆ ಒಬ್ಬ, ಮನೆ ಮಗಳ ಮರ್ಯಾದೆಗೆ ಇನ್ನೊಬ್ಬ. ಲಂಟಾನಕ್ಕೆ ಮಾತ್ರ ವಾರಸುದಾರರಿಲ್ಲ. ಅದು ಬೆಳೆದರೆ ಯಾರ ಲೆಕ್ಕದ ಪುಸ್ತಕದಲ್ಲೂ ನಷ್ಟವಿಲ್ಲ, ಕಡಿದರೆ ಯಾರಿಗೂ ಕೂಲಿ ಹುಟ್ಟುವುದಿಲ್ಲ. ಹವಾಮಾನದ ಕತೆಯೂ ಇಷ್ಟೇ. ನನ್ನ ಸ್ಕೂಟರಿನ ಹೊಗೆಗೆ ನಾನು ಪೆಟ್ರೋಲ್ ಬಂಕಿನಲ್ಲಿ ಕೊಡುವ ದುಡ್ಡಿನಲ್ಲಿ ಎಣ್ಣೆಯ ಬೆಲೆಯಿದೆ, ಸರ್ಕಾರದ ತೆರಿಗೆಯಿದೆ, ಬಂಕಿನವರ ಕಮಿಷನ್ ಇದೆ. ಆ ಹೊಗೆ ಮಾಡುವ ಹಾನಿಯ ಲೆಕ್ಕವೆಂದು ಬರೆದ ಪ್ರತ್ಯೇಕ ಸಾಲಿಲ್ಲ. ಅದನ್ನು ತೆರುವವರು ಎಲ್ಲೋ, ಯಾವಾಗಲೋ ಇರುವ ಯಾರೋ. ಬಿಲ್ಲು ಬಾರದ ಸಾಲವನ್ನು ನೆನಪಿಟ್ಟುಕೊಳ್ಳುವವರು ಯಾರು?

ಈ ಬಾರದ ಬಿಲ್ಲನ್ನು ಬರುವಂತೆ ಮಾಡುವ ಯೋಚನೆ ಹಳೆಯದು. ಇನ್ನೊಬ್ಬರ ತಲೆಗೆ ಕಟ್ಟುವ ಹಾನಿಯನ್ನು ತೆರಿಗೆಯ ಮೂಲಕ ಹಾನಿ ಮಾಡಿದವರ ಲೆಕ್ಕಕ್ಕೇ ಸೇರಿಸಬೇಕು ಎಂಬ ವಿಚಾರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲೇ ಪುಸ್ತಕವಾಗಿ ಬರೆದಿದ್ದ. ಇಂಗಾಲದ ತೆರಿಗೆ ಅದರ ಮೊಮ್ಮಗು. ಇದರ ದೊಡ್ಡ ಗುಣವೆಂದರೆ ಯಾರೂ ಅದನ್ನು ನಂಬಬೇಕಾಗಿಲ್ಲ. ಬ್ರಿಟನ್ನಿನಲ್ಲಿ 2013ರಿಂದ ವಿದ್ಯುತ್ ಸ್ಥಾವರಗಳು ಸುಡುವ ಇಂಧನದ ಇಂಗಾಲಕ್ಕೆ ಹೆಚ್ಚುವರಿ ಬೆಲೆ ಕಟ್ಟಲಾಯಿತು. 2012ರಲ್ಲಿ ಆ ದೇಶದ ವಿದ್ಯುತ್ತಿನ ಸುಮಾರು ಶೇ. 40 ಕಲ್ಲಿದ್ದಲಿನದ್ದಾಗಿತ್ತು; 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಗಾಳಿ ವಿದ್ಯುತ್ತು, ಅನಿಲ, ಇತರ ಕಾನೂನುಗಳೂ ಇದಕ್ಕೆ ಕಾರಣ, ಒಪ್ಪೋಣ. ಆದರೂ ಆ ಸ್ಥಾವರಗಳ ಮಾಲೀಕರು ಯಾರೂ ಭೂಮಿಯ ಮೇಲಿನ ಮಮತೆಯಿಂದ ಬಾಗಿಲು ಹಾಕಲಿಲ್ಲ. ಲೆಕ್ಕ ಹೊಂದಲಿಲ್ಲ, ಹಾಕಿದರು.

ಘೋಷ್‌ಗೆ ಈ ಭಾಷೆ ಹಿಡಿಸುವುದಿಲ್ಲ. ಪುಸ್ತಕದ ಕೊನೆಯ ಭಾಗದಲ್ಲಿ ಅವರು 2015ರ ಪ್ಯಾರಿಸ್ ಒಪ್ಪಂದವನ್ನೂ ಅದೇ ವರ್ಷ ಪೋಪ್ ಫ್ರಾನ್ಸಿಸ್ ಬರೆದ 'ಲೌದಾತೊ ಸೀ' ಪತ್ರವನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಅವರ ಮನಸ್ಸು ಒಲಿಯುವುದು ಪತ್ರದ ಕಡೆಗೆ. ಒಪ್ಪಂದದ ಭಾಷೆ ಕಂಪನಿಗಳ ಭಾಷೆಯಂತೆ ಕೇಳಿಸುತ್ತದೆ ಎಂಬ ಅವರ ಗುಮಾನಿ ಸರಿಯೇ. ಪೋಪರ ಪತ್ರವೂ ಇಂಗಾಲದ ಕ್ರೆಡಿಟ್ಟುಗಳ ವ್ಯಾಪಾರ ಹೊಸ ಸಟ್ಟಾ ಆಗಬಹುದೆಂದು ಎಚ್ಚರಿಸುತ್ತದೆ. ಆದರೆ ಎಲ್ಲೋ ಗಿಡ ನೆಟ್ಟೆನೆಂದು ಚೀಟಿ ಕೊಂಡು ಇಲ್ಲಿ ಹೊಗೆ ಬಿಡುವುದು ಬೇರೆ, ಹೊಗೆ ಬಿಟ್ಟವನಿಂದ ಅಲ್ಲೇ ದಂಡ ವಸೂಲು ಮಾಡುವುದು ಬೇರೆ. ಎರಡನ್ನೂ 'ಮಾರುಕಟ್ಟೆ' ಎಂಬ ಒಂದೇ ಚೀಲಕ್ಕೆ ತುಂಬಿದರೆ, ಕೆಲಸಕ್ಕೆ ಬರುವ ಕತ್ತಿಯನ್ನೂ ಗುಜರಿಗೆ ಹಾಕಿದಂತಾಗುತ್ತದೆ.

ಹಾಗೆಂದು ಬೆಲೆಯ ಪರವಾಗಿ ಬರೆದು ಮುಗಿಸುವಷ್ಟು ಸರಳವಾಗಿಲ್ಲ ಈ ವಿಷಯ. ಕೆನಡಾದ ಕತೆ ನೋಡಿ. 2019ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರ ಇಂಧನದ ಮೇಲೆ ಟನ್ನಿಗೆ 20 ಡಾಲರಿನ ಇಂಗಾಲದ ಬೆಲೆ ಹೇರಿತು. 2024ರ ಹೊತ್ತಿಗೆ ಅದು 80 ಡಾಲರ್, ಅಂದರೆ ಲೀಟರ್ ಪೆಟ್ರೋಲಿಗೆ ಸುಮಾರು 17 ಸೆಂಟ್. ಹೀಗೆ ಬಂದ ಹಣದ ಸುಮಾರು ಶೇ. 90ನ್ನು ಮನೆಗಳಿಗೇ ವಾಪಸು ಕೊಡುವ ಏರ್ಪಾಡು. ಹೆಚ್ಚು ಸುಡುವವರು ಶ್ರೀಮಂತರು. ವಾಪಸು ಬರುವುದು ತಲೆಲೆಕ್ಕದಲ್ಲಿ. ಕಟ್ಟಿದ್ದನ್ನೂ ಮರಳಿ ಬಂದದ್ದನ್ನೂ ನೇರವಾಗಿ ಹೋಲಿಸಿದರೆ ಬಹುತೇಕ ಕುಟುಂಬಗಳಿಗೆ ಲಾಭವೇ ಎಂದು ಸಂಸತ್ತಿನದೇ ಬಜೆಟ್ ಅಧಿಕಾರಿ ಲೆಕ್ಕ ಕೊಟ್ಟಿದ್ದರು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ತೆರಿಗೆ ಇಲ್ಲ.

ಆದರೆ ಕಟ್ಟುವ ದುಡ್ಡು ಬಂಕಿನ ಮುಂದಿನ ದೊಡ್ಡ ಫಲಕದ ಮೇಲೆ ದಿನವೂ ಕಾಣುತ್ತಿತ್ತು. ಮರಳಿ ಬಂದ ದುಡ್ಡು ಮೊದಲು ವರಮಾನ ತೆರಿಗೆಯ ಲೆಕ್ಕದೊಳಗೆ ಸೇರಿಹೋಗುತ್ತಿತ್ತು. ಆಮೇಲೆ ಮೂರು ತಿಂಗಳಿಗೊಮ್ಮೆ ಬ್ಯಾಂಕಿನ ಖಾತೆಗೆ ಸದ್ದಿಲ್ಲದೆ ಬಂದು ಬೀಳತೊಡಗಿತು. ಕೆನಡಾ ಮತ್ತು ಸ್ವಿಟ್ಜರ್ಲೆಂಡಿನ ಜನರನ್ನು ಕೇಳಿ ಮಾಡಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಎಷ್ಟು ಮರಳಿ ಬರುತ್ತಿದೆ ಎಂಬುದನ್ನು ಜನ ನಿಜಕ್ಕಿಂತ ಕಡಿಮೆ ಅಂದಾಜು ಮಾಡಿದ್ದು ಕಂಡಿತು. ಸ್ವಿಟ್ಜರ್ಲೆಂಡಿನಲ್ಲಂತೂ ಅದು ಆರೋಗ್ಯ ವಿಮೆಯ ಕಂತಿನಲ್ಲಿ ಕಡಿತವಾಗಿ ಬರುತ್ತದೆ, ಗಮನಿಸುವುದು ಯಾರು? ಕೆನಡಾದ ವಿರೋಧ ಪಕ್ಷ 'ತೆರಿಗೆ ಕಿತ್ತೊಗೆಯಿರಿ' ಎಂಬ ಒಂದೇ ಮಾತನ್ನು ವರ್ಷಗಟ್ಟಲೆ ಕೂಗಿತು. 2025ರ ಏಪ್ರಿಲ್ 1ರಿಂದ ಜನಸಾಮಾನ್ಯರ ಮೇಲಿನ ಆ ಬೆಲೆ ಸೊನ್ನೆಯಾಯಿತು. ಸೊನ್ನೆ ಮಾಡಿದ್ದು ಅದನ್ನು ತಂದ ಪಕ್ಷವೇ. ದೊಡ್ಡ ಕಾರ್ಖಾನೆಗಳ ಮೇಲಿನದು ಮಾತ್ರ ಉಳಿಯಿತು.

ಇಲ್ಲಿ ಘೋಷ್ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಾರೆ. ಬೆಲೆ ಕೆಲಸ ಮಾಡಲು ಯಾರ ನಂಬಿಕೆಯೂ ಬೇಕಿಲ್ಲ, ನಿಜ. ಆದರೆ ಬೆಲೆ ಉಳಿದುಕೊಳ್ಳಲು ಚುನಾವಣೆಯಿಂದ ಚುನಾವಣೆಗೆ ಜನರ ನಂಬಿಕೆ ಬೇಕು. ನಂಬಿಕೆ ಹುಟ್ಟುವುದು ಕತೆಯಿಂದ. ಕೆನಡಾದ ಸರ್ಕಾರದ ಬಳಿ ಲೆಕ್ಕವಿತ್ತು, ಕತೆ ವಿರೋಧಿಗಳ ಬಳಿಯಿತ್ತು.

ನಮ್ಮಲ್ಲಿ ಇದು ಇನ್ನೂ ಮೌನವಾಗಿ ನಡೆಯಿತು. 2010ರಲ್ಲಿ ಕಲ್ಲಿದ್ದಲಿನ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ, ಶುದ್ಧ ಇಂಧನಕ್ಕೆಂದು ನಿಧಿ ಮಾಡಲಾಯಿತು. 2016ಕ್ಕೆ ಅದು 400 ರೂಪಾಯಿ ಆಯಿತು. ಮರುವರ್ಷ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ ರಾಜ್ಯಗಳ ವರಮಾನ ನಷ್ಟ ತುಂಬುವ ಪರಿಹಾರ ಸೆಸ್ ಆಗಿ ಹೆಸರು ಬದಲಿಸಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಅದೂ ಹೋಗಿ, ಕಲ್ಲಿದ್ದಲಿನ ಮೇಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. ಹದಿನೈದು ವರ್ಷ ನಾವು ಒಂದು ಬಗೆಯ ಇಂಗಾಲದ ತೆರಿಗೆಯನ್ನು ಕರೆಂಟಿನ ಬೆಲೆಯೊಳಗೆ ಕಟ್ಟಿದ್ದೇವೆ. ಅದು ಹುಟ್ಟಿದ್ದೂ ಗೊತ್ತಾಗಲಿಲ್ಲ, ದಾರಿ ತಪ್ಪಿದ್ದೂ ಗೊತ್ತಾಗಲಿಲ್ಲ, ಸತ್ತದ್ದೂ ಗೊತ್ತಾಗಲಿಲ್ಲ. ಈ ಬಗ್ಗೆ ಒಂದು ಜಗಳವೂ ಆಗಲಿಲ್ಲವಲ್ಲ ಎಂಬುದು ನನ್ನ ವ್ಯಥೆ. ಜಗಳವಾಗಿದ್ದರೆ ಆ ದುಡ್ಡು ಯಾರದು, ಬಿಸಿಲಲ್ಲಿ ಗಾರೆ ಹೊರುವವರಿಗೆ ಅದರಲ್ಲಿ ಪಾಲೆಷ್ಟು ಎಂದಾದರೂ ಯಾರಾದರೂ ಕೇಳುತ್ತಿದ್ದರು.

ಎರಡನೇ ಓದಿನಲ್ಲಿ 'ಚಿದಂಬರ ರಹಸ್ಯ'ದ ಜಗಳಗಳು ನನಗೆ ಬೇರೆಯಾಗಿ ಕಂಡದ್ದು ಈ ಕಾರಣಕ್ಕೆ. ಜಗಳಾಡಿದ್ದು ಕೆಸರೂರಿನವರ ತಪ್ಪಲ್ಲ. ಲಂಟಾನದ ಬಗ್ಗೆ ಮಾತ್ರ ಜಗಳಾಡಲಿಲ್ಲ. ಹೊಗೆಗೆ ಒಂದು ಬೆಲೆ ಕಟ್ಟಿ, ಬಂದ ಪಾಲನ್ನು ಅಕ್ಕಿಯ ಹಾಗೆ, ಪಿಂಚಣಿಯ ಹಾಗೆ, ಹೆಸರು ಹೇಳಿ ಕೈಗೆ ಕೊಟ್ಟರೆ, ಊರಿನ ಚಹಾ ಅಂಗಡಿಯಲ್ಲಿ ಅದರ ಮಾತು ಶುರುವಾಗುತ್ತದೆ. ಈ ತಿಂಗಳು ಬಂತಾ, ಅವನಿಗೆಷ್ಟು, ನಮಗ್ಯಾಕೆ ಕಡಿಮೆ? ಸಣ್ಣ ಮಾತುಗಳೇ, ಇರಲಿ. ಲಂಟಾನಕ್ಕೊಬ್ಬ ವಾರಸುದಾರ ಹುಟ್ಟುವುದು ಅಂಥ ಮಾತಿನಿಂದಲೇ.