ಸುಗ್ಗಿಯ ಚಿಟ್ಟೆ, ಸತ್ತವರ ಚಿಟ್ಟೆ

ಮೊನಾರ್ಕ್ ಚಿಟ್ಟೆಯ ಬಗ್ಗೆ ಬರೆಯುವವರು ಒಂದು ಮಾತನ್ನು ಮರೆಯದೆ ಸೇರಿಸುತ್ತಾರೆ: ಮೆಕ್ಸಿಕೋದ ಮೂಲನಿವಾಸಿಗಳಿಗೆ ಇವು ಸತ್ತವರ ಆತ್ಮಗಳು. ಸಾಕ್ಷ್ಯಚಿತ್ರದಲ್ಲೂ ಅದೇ, ಪ್ರವಾಸದ ಕರಪತ್ರದಲ್ಲೂ ಅದೇ. ಸುಳ್ಳಲ್ಲ, ಆದರೆ ಅವಸರದ ಮಾತು. ಮೂಲನಿವಾಸಿಗಳೆಂದರೆ ಯಾರು ಎಂದು ಕೇಳಿದರೆ ಸಾಕು, ಅದರ ಹೊಲಿಗೆ ಬಿಚ್ಚತೊಡಗುತ್ತದೆ.

ಕಾಲ ಕೂಡಿಬರುವುದೇನೋ ನಿಜ. ಕೆನಡಾದ ದಕ್ಷಿಣದಿಂದ, ಅಮೆರಿಕದ ಪೂರ್ವಭಾಗದಿಂದ ಹೊರಟ ಚಿಟ್ಟೆಗಳು ನಾಲ್ಕು ಸಾವಿರ ಕಿಲೋಮೀಟರ್‌ವರೆಗೂ ಹಾರಿ, ನವೆಂಬರ್ ಹುಟ್ಟುವ ಹೊತ್ತಿಗೆ ಮಿಚೊವಾಕಾನ್ ಮತ್ತು ಮೆಕ್ಸಿಕೋ ರಾಜ್ಯಗಳ ಗಡಿಬೆಟ್ಟಗಳನ್ನು ಸೇರುತ್ತವೆ. ಸುಮಾರು 3,000 ಮೀಟರ್ ಎತ್ತರದ ಒಯಮೆಲ್ ಮರಗಳಿಗೆ ಗೊಂಚಲುಗೊಂಚಲಾಗಿ ಜೋತುಬಿದ್ದು ಚಳಿಗಾಲ ಕಳೆಯುತ್ತವೆ. ನವೆಂಬರ್ 1 ಮತ್ತು 2 ಸತ್ತವರ ಹಬ್ಬ. ಮೊದಲ ದಿನ ತೀರಿಕೊಂಡ ಮಕ್ಕಳಿಗೆ, ಮರುದಿನ ದೊಡ್ಡವರಿಗೆ. ಮನೆಯಲ್ಲಿ ಎಡೆ, ಮೇಣದ ಬತ್ತಿ, ಬರುವವರಿಗೆ ದಾರಿ ಕಾಣಲೆಂದು ಚೆಂಡು ಹೂವಿನ ಎಸಳು. (ಆಯುಧಪೂಜೆಗೆ ನಾವು ಲಾರಿಯ ಮೂತಿಗೆ ಕಟ್ಟುವ ಈ ಹೂವಿನ ತವರೂ ಅದೇ ನೆಲ.)

ಕರಪತ್ರ ಮಾಡುವ ತಪ್ಪೆಂದರೆ ಬೇರೆ ಬೇರೆ ಜನರ ಕತೆಗಳನ್ನು ಒಂದೇ ಪಾತ್ರೆಗೆ ಸುರಿಯುವುದು. 16ನೆಯ ಶತಮಾನದಲ್ಲಿ ಪಾದ್ರಿ ಬೆರ್ನಾರ್ದಿನೋ ದೆ ಸಾಹಗುನ್ ನಹುವಾ ಜನರಿಂದ ಕೇಳಿ ಬರೆಸಿದ ಗ್ರಂಥದಲ್ಲಿ ಚಿಟ್ಟೆಯಾಗುವ ಭಾಗ್ಯ ಎಲ್ಲರಿಗೂ ಇಲ್ಲ. ಯುದ್ಧದಲ್ಲಿ ಮಡಿದವನು ನಾಲ್ಕು ವರ್ಷ ಸೂರ್ಯನ ಸಂಗಡವಿದ್ದು, ಆಮೇಲೆ ಹಕ್ಕಿಯಾಗಿ, ಚಿಟ್ಟೆಯಾಗಿ ಹೂವಿನ ಮಧು ಹೀರುತ್ತಾನೆ. ಹಾಸಿಗೆ ಹಿಡಿದು ಸತ್ತವನ ಪಾಲಿಗೆ ಮಿಕ್ತ್ಲಾನ್ ಎಂಬ ಪಾತಾಳ. ಆ ಗ್ರಂಥದ ಈ ಮಾತುಗಳಲ್ಲಿ ವಲಸೆಯ ಪ್ರಸ್ತಾಪವಿಲ್ಲ, ನವೆಂಬರೂ ಇಲ್ಲ. ಆ ತಾರೀಕು ಬಂದದ್ದು ಕ್ಯಾಥೊಲಿಕ್ ಪಂಚಾಂಗದ ಜೊತೆಗೆ. ಇನ್ನು ಚಿಟ್ಟೆಯ ಲೇಖನಗಳಿಗೆ ಪಕ್ಕದ ಚಿತ್ರವಾಗಿ ಬರುವ ಹನಿತ್ಸಿಯೋ ದ್ವೀಪದ ಸತ್ತವರ ಹಬ್ಬದ ಜಾಗರಣೆ ಪುರೆಪೆಚಾ ಜನರದು. ಆ ದ್ವೀಪವಿರುವ ಪಾತ್ಸ್ಕ್ವಾರೋ ಕೆರೆಯಿಂದ ಚಿಟ್ಟೆಯ ಬೆಟ್ಟ ನೂರು ಕಿಲೋಮೀಟರಿಗಿಂತ ದೂರ.

ಬೆಟ್ಟದ ಬುಡದಲ್ಲೇ ಇರುವವರು ಮಸಾವಾ ಮತ್ತು ಒತೊಮಿ ಜನ. ಚಿಟ್ಟೆ ಕಂಡರೆ ತಮ್ಮವರು ಹತ್ತಿರ ಬಂದರೆಂದು ಮಸಾವಾ ಮನೆಗಳಲ್ಲಿ ಎಡೆಗೆ ಅಣಿಯಾಗುತ್ತಾರೆ. ಇದೇ ಸೀಮೆಯ ರೈತರ ಬಾಯಲ್ಲಿ ಈ ಚಿಟ್ಟೆಗೆ ‘ಕೊಸೆಚಾದೋರಾ’ ಎಂಬ ಹೆಸರೂ ಇದೆ, ಅಂದರೆ ಸುಗ್ಗಿಯವಳು. ಮೆಕ್ಕೆಜೋಳದ ಕೊಯ್ಲಿಗೆ ಸರಿಯಾಗಿ ಬರುವವಳು. ನನ್ನ ಮಟ್ಟಿಗೆ ಆತ್ಮದ ಕತೆಗಿಂತ ಈ ಹೆಸರು ದೊಡ್ಡದು, ಯಾಕೆಂದರೆ ಆ ಕತೆಗೆ ಕಾಲೂರಲು ನೆಲ ಕೊಡುವುದು ಇದು. ಹಿರಿಯರು ಸುಮ್ಮನೆ ಬರುವುದಿಲ್ಲ, ಕಣಜ ತುಂಬಿದಾಗ ಉಣ್ಣಲು ಬರುತ್ತಾರೆ. ಕರಪತ್ರ ಆತ್ಮವನ್ನು ಇಟ್ಟುಕೊಂಡು ಜೋಳವನ್ನು ಬಿಟ್ಟಿತು.

ಎಕ್ಕದ ಗಿಡದ ಸುತ್ತ ಹಾರುವ ನಮ್ಮ ಕಿತ್ತಳೆ ಚಿಟ್ಟೆಯ ದಾಯಾದಿ ಈ ಮೊನಾರ್ಕ್. ಮಾರ್ಚ್‌ನಲ್ಲಿ ಬೆಟ್ಟ ಬಿಟ್ಟವು ಉತ್ತರದ ಹಾದಿಯಲ್ಲೇ ಮೊಟ್ಟೆಯಿಟ್ಟು ಸಾಯುತ್ತವೆ. ಬೇಸಿಗೆಯ ಪೀಳಿಗೆಗಳ ಆಯುಸ್ಸು ಎರಡರಿಂದ ಆರು ವಾರ. ದಕ್ಷಿಣಕ್ಕೆ ಹಾರುವ ಕೊನೆಯ ಪೀಳಿಗೆಗೆ ಮಾತ್ರ ಸುಮಾರು ಎಂಟು ತಿಂಗಳು. ಹೀಗಾಗಿ ನವೆಂಬರ್‌ನಲ್ಲಿ ಬರುವುದು ಹೋದವಲ್ಲ, ಹೋದವುಗಳ ಮರಿಮಕ್ಕಳು. ನಂಬಿಕೆ ತಲೆಕೆಳಗಾಯಿತೆಂದು ಯಾರಾದರೂ ನಗಬಹುದು. ನಾನು ನಗಲಾರೆ. ಎಂದೂ ಕಾಣದ ಮುತ್ತಜ್ಜಿಯ ಮರವನ್ನು ಹುಡುಕಿಕೊಂಡು ಬರುವ ಚಿಟ್ಟೆಗೂ, ಎಂದೂ ಕಾಣದ ಮುತ್ತಜ್ಜಿಗೆ ಎಡೆಯಿಡುವ ಹೆಂಗಸಿಗೂ ಏನು ಅಂತರ?

ಹೊರಗಿನವರಿಗೆ ಪ್ರಿಯವಾದ ಇನ್ನೊಂದು ಕತೆ ‘ಶೋಧ’ದ್ದು. ಕೆನಡಾದ ಫ್ರೆಡ್ ಅರ್ಕ್ಹಾರ್ಟ್ ದಶಕಗಳ ಕಾಲ ಚಿಟ್ಟೆಯ ರೆಕ್ಕೆಗೆ ಚೀಟಿ ಅಂಟಿಸಿ ಅವುಗಳ ದಾರಿ ಹುಡುಕಿದರು. ದೊಡ್ಡ ಕೆಲಸ, ಅನುಮಾನವಿಲ್ಲ. 1975ರ ಜನವರಿಯಲ್ಲಿ ಅವರ ಪರವಾಗಿ ಸೆರ್ರೊ ಪೆಲೋನ್ ಬೆಟ್ಟ ಹತ್ತಿ ಚಿಟ್ಟೆಗಳನ್ನು ಕಂಡವರು ಕೆನ್ ಬ್ರಗರ್ ಮತ್ತು ಮಿಚೊವಾಕಾನ್‌ನವರೇ ಆದ ಕತಾಲಿನಾ ಅಗ್ವಾದೋ. 1976ರ ಆಗಸ್ಟ್‌ನ ‘ನ್ಯಾಷನಲ್ ಜಿಯೋಗ್ರಾಫಿಕ್’ ಮುಖಪುಟದಲ್ಲಿ ಮೈತುಂಬ ಚಿಟ್ಟೆ ಹೊದ್ದು ಕೂತವರು ಕತಾಲಿನಾ; ಒಳಗಿನ ಲೇಖನ ಅರ್ಕ್ಹಾರ್ಟರದು. ಬೆಟ್ಟದ ಊರುಗಳಿಗೆ ಪ್ರತಿವರ್ಷ ಗೊತ್ತಿದ್ದ ಸಂಗತಿ ಅಲ್ಲಿ ಜಗತ್ತಿಗೆ ಹೊಸದಾಗಿ ‘ಸಿಕ್ಕಿತು’. ಶೋಧದ ಕತೆಯಲ್ಲಿ ಊರಿನವರಿಗೆ ಚಿಟ್ಟೆ ತಿಳಿಯದು, ಆತ್ಮದ ಕತೆಯಲ್ಲಿ ಅವರಿಗೆ ನಂಬುವುದು ಬಿಟ್ಟು ಬೇರೆ ಕೆಲಸವಿಲ್ಲ. ಎರಡೂ ಕತೆಗಳ ಕುರುಡು ಒಂದೇ ಕಡೆ ಇದೆ.

ಊರಿನವರ ನಿಜವಾದ ಕಷ್ಟ ಕಾಡಿನದು. ಬಹುಪಾಲು ಕಾಡು ಊರೊಟ್ಟಿನ ಒಡೆತನದ್ದು, ಮರವೇ ಅದರ ಸಂಪಾದನೆಯಾಗಿತ್ತು. 2000ದಲ್ಲಿ ಚಿಟ್ಟೆಗಳ ರಕ್ಷಿತ ಪ್ರದೇಶ 56,259 ಹೆಕ್ಟೇರಿಗೆ ಹಿಗ್ಗಿತು, 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಚಿಟ್ಟೆಗಳು ಮಾತ್ರ ಕುಗ್ಗಿದವು: 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್ ತುಂಬಿದ್ದವು, 2023-24ರಲ್ಲಿ 0.9. ಉತ್ತರದ ಹೊಲಗಳ ಕಳೆನಾಶಕಕ್ಕೆ, ಹವಾಮಾನಕ್ಕೆ ಇದರಲ್ಲಿ ದೊಡ್ಡ ಪಾಲಿದೆ, ಕೊಡಲಿಯದೊಂದೇ ಅಲ್ಲ.

ಎಲ್ ರೊಸಾರಿಯೋ ಚಿಟ್ಟೆಧಾಮವನ್ನು ನೋಡಿಕೊಳ್ಳುತ್ತಿದ್ದ ಒಮೆರೋ ಗೊಮೆಸ್ ಗೊನ್ಸಾಲೆಸ್ ಮರ ಕಡಿದು ಬದುಕಿದ ಮನೆತನದವರು. ತಾವೂ ಕೊಡಲಿ ಕೆಳಗಿಟ್ಟು, ಊರಿನವರನ್ನೂ ಒಪ್ಪಿಸಿದ್ದರು. 2020ರ ಜನವರಿ 13ರಂದು ಕಾಣೆಯಾದರು. 29ರಂದು ಹೊಲದ ಬಾವಿಯೊಂದರಲ್ಲಿ ಅವರ ಶವ ಸಿಕ್ಕಿತು. ತಲೆಗೆ ಪೆಟ್ಟು ಬಿದ್ದಿತ್ತು. ಮುಂದಿನ ನವೆಂಬರ್‌ನಲ್ಲಿ ಚಿಟ್ಟೆ ಮತ್ತು ಆತ್ಮದ ಲೇಖನ ಬರೆಯುವವರು ಈ ಹೆಸರಿಗೂ ಒಂದು ಸಾಲು ಬಿಡಲಿ.