ವತ್ಸಭಟ್ಟಿಯ ಪ್ರಶಸ್ತಿಯಲ್ಲಿ ವಲಸೆಗಾರರ ಕಸುಬು

ಮಾಳವದ ಪ್ರಾಚೀನ ದಶಪುರವೇ ಇಂದಿನ ಮಂದಸೋರು. ಅಲ್ಲಿ ದೊರೆತ ಸಂಸ್ಕೃತ ಶಿಲಾಶಾಸನವೊಂದನ್ನು ಫ್ಲೀಟರು 1888ರಲ್ಲಿ ಗುಪ್ತರ ಶಾಸನಸಂಪುಟದಲ್ಲಿ ಪ್ರಕಟಿಸಿದರು. 44 ಪದ್ಯಗಳ ಈ ಪ್ರಶಸ್ತಿಯ ಕರ್ತೃ ವತ್ಸಭಟ್ಟಿ. ಕಾವ್ಯಶೈಲಿಯ ಪ್ರಾಚೀನತೆಯನ್ನು ಶಾಸನಗಳಿಂದ ನಿರ್ಣಯಿಸಲು ಹೊರಟ ಬ್ಯೂಲರರು 1890ರಲ್ಲಿ ಇದನ್ನು ಮುಖ್ಯಸಾಕ್ಷಿಯಾಗಿ ಉಪಯೋಗಿಸಿಕೊಂಡರು. ಅಂದಿನಿಂದ ಪಂಡಿತರ ಚರ್ಚೆಯೆಲ್ಲವೂ ಒಂದೇ ಪ್ರಶ್ನೆಯ ಸುತ್ತ ನಡೆದಿರುವುದು: ಈ ಕವಿಯು ಕಾಳಿದಾಸನಿಂದ ಎಷ್ಟು ಎರವಲು ಪಡೆದನು? ಈ ಚರ್ಚೆಯು ಕಾಲನಿರ್ಣಯಕ್ಕೆ ಉಪಯುಕ್ತವಾದರೂ ಕಾವ್ಯಕ್ಕೆ ನ್ಯಾಯವನ್ನು ಮಾಡಿಲ್ಲ. ಕಾವ್ಯದ ವಸ್ತುವು ಅರಸನೂ ಅಲ್ಲ, ಋತುವೂ ಅಲ್ಲ. ತಾಯ್ನಾಡನ್ನು ಬಿಟ್ಟುಬಂದ ಪಟ್ಟೆ ನೇಯುವವರ ಒಂದು ಶ್ರೇಣಿ.

ಕಥೆಯು ಸರಳವಾದುದು. ಲಾಟದೇಶದ ನೇಯ್ಗೆಯವರು ಮಕ್ಕಳು ಬಂಧುಗಳೊಡನೆ ದಶಪುರಕ್ಕೆ ಬಂದು ನೆಲಸಿದರು. ಮಾಳವ ಸಂವತ್ಸರ 493ರಲ್ಲಿ, ಎಂದರೆ ಕ್ರಿ.ಶ. 436ರ ಸುಮಾರಿಗೆ, ಒಂದನೆಯ ಕುಮಾರಗುಪ್ತನು ಚಕ್ರವರ್ತಿಯಾಗಿಯೂ ಬಂಧುವರ್ಮನು ದಶಪುರದ ಅರಸನಾಗಿಯೂ ಇದ್ದಾಗ, ಅಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿದರು. ಕಾಲಾಂತರದಲ್ಲಿ ಅದರ ಒಂದು ಭಾಗವು ಬೀಳಲು, ಸಂವತ್ಸರ 529ರಲ್ಲಿ ಅದೇ ಶ್ರೇಣಿಯು ಜೀರ್ಣೋದ್ಧಾರ ಮಾಡಿಸಿತು.

ಇವರನ್ನು ನಿರಾಶ್ರಿತರೆಂದು ಕರೆಯಬಹುದೆ? ದಶಪುರದ ಅರಸರ ಗುಣಗಳಿಗೆ ಮನಸೋತು ಬಂದರೆಂದು ಕವಿಯ ಹೇಳಿಕೆ. ಆದರೆ ಪ್ರಶಸ್ತಿಯ ಧರ್ಮವೇ ಅಂತಹುದು. ಬಿಟ್ಟ ನಾಡಿನ ದುಃಖವನ್ನು ಹೇಳುವುದು ಅದರ ಕೆಲಸವಲ್ಲ, ಹೊಕ್ಕ ನಾಡಿನ ಕೀರ್ತಿಯನ್ನು ಹೇಳುವುದು ಅದರ ಕೆಲಸ. ಹಾದಿಯಲ್ಲಿ ಎಡೆಬಿಡದೆ ಒದಗಿದ ಕಷ್ಟಗಳನ್ನು ಅವರು ಲೆಕ್ಕಿಸಲಿಲ್ಲವೆಂದೂ, ಮೊದಲು ಮನಸ್ಸಿನಿಂದ ಬಂದು ಆಮೇಲೆ ದೇಹದಿಂದ ಬಂದರೆಂದೂ ಕವಿಯು ಹೇಳುವನು. ನೆಲೆಯನ್ನು ಬದಲಾಯಿಸಿದ ಜನರ ಮನೋವ್ಯಾಪಾರವನ್ನು ಅರಿತವನಿಗಲ್ಲದೆ ಈ ಮಾತು ಹೊಳೆಯದು. ಇದು ಎರವಲಿನ ಅಲಂಕಾರವಲ್ಲ.

ಅರಸರು ಇವರನ್ನು ಮಕ್ಕಳಂತೆ ಆದರಿಸಿದರೆಂದು ಹೇಳಿದ ಬಳಿಕ, ಶ್ರೇಣಿಯವರು ಹಿಡಿದ ವೃತ್ತಿಗಳ ವರ್ಣನೆ ಬರುವುದು. ಕೆಲವರು ಬಿಲ್ವಿದ್ಯೆಯಲ್ಲಿ ನುರಿತರು, ಕೆಲವರು ಕಥಾನಿಪುಣರಾದರು, ಕೆಲವರು ಧರ್ಮಪ್ರಸಂಗದಲ್ಲಿ, ಕೆಲವರು ಜ್ಯೋತಿಷದಲ್ಲಿ ತೊಡಗಿದರು, ಉಳಿದವರು ಕುಲದ ನೇಯ್ಗೆಯಲ್ಲಿಯೇ ಹೆಚ್ಚಿನವರಾದರು. ಮಗ್ಗವನ್ನು ಬಿಟ್ಟವರ ಮೇಲೆ ಇಲ್ಲಿ ನಿಂದೆಯಿಲ್ಲ, ಬಿಡದವರ ಮೇಲೆ ಕನಿಕರವೂ ಇಲ್ಲ. ಇಬ್ಬರೂ ಒಂದೇ ಶ್ರೇಣಿಯ ಹೆಸರಿನಲ್ಲಿ ನಿಂತಿರುವರು. ಪ್ರಶಸ್ತಿಯ ಅತ್ಯುತ್ತಮ ಭಾಗವು ಇದೇ.

ಅನಂತರ ಪಟ್ಟೆಯ ಪ್ರಶಂಸೆ. ಒಡವೆ, ಹೂವು, ತಾಂಬೂಲಗಳೆಲ್ಲ ಇದ್ದರೂ ಜೋಡಿ ಪಟ್ಟೆಯನ್ನುಡದೆ ತರುಣಿಯು ನಲ್ಲನೆಡೆಗೆ ಹೋಗಳೆಂಬ ಪದ್ಯವನ್ನು ಕೇವಲ ಶೃಂಗಾರವೆಂದು ಓದುವುದು ವಾಡಿಕೆ. ಆದರೆ ಅದು ಸರಕಿನ ಗುಣಕಥನವೂ ಹೌದು. ಮುಂದಿನ ಪದ್ಯದಲ್ಲಿ ಬಟ್ಟೆಯ ನುಣುಪು, ಬಣ್ಣಬಣ್ಣದ ವಿಭಾಗಗಳ ಚಿತ್ತಾರ, ಕಣ್ಣಿಗೆ ಅದು ಕೊಡುವ ಹಿತ, ಈ ಮೂರನ್ನೂ ಕವಿಯು ಬೇರೆಬೇರೆಯಾಗಿ ಎಣಿಸುವನು. ವಿನ್ಯಾಸವೇ ಕಸುಬಿನ ಬೆಲೆಯೆಂಬುದು ಅವನಿಗೆ ತಿಳಿದಿತ್ತು. ದೇವಾಲಯವನ್ನು ಶಿಲ್ಪದಿಂದ, ಎಂದರೆ ಕಸುಬಿನಿಂದ, ಗಳಿಸಿದ ಧನದಿಂದಲೇ ಕಟ್ಟಿಸಿದರೆಂದು ಸ್ಪಷ್ಟವಾಗಿ ಹೇಳಿರುವುದು ಮುಖ್ಯವಾದುದು. ಆಶ್ರಯವು ಅರಸನದು, ಗುಡಿಯು ಅವರದೇ.

ದೋಷವೂ ಇಲ್ಲದಿಲ್ಲ. 44 ಪದ್ಯಗಳಲ್ಲಿ ಒಂದು ಮಗ್ಗವೂ ಕಾಣಿಸದು. ನೂಲು ಎಲ್ಲಿಂದ ಬಂದಿತು, ಬಣ್ಣವನ್ನು ಯಾರು ಹಾಕಿದರು, ಹೊಸ ಊರಿನಲ್ಲಿ ಹುಟ್ಟಿದ ಮಕ್ಕಳಿಗೆ ಕೈಕೆಲಸವನ್ನು ಯಾರು ಕಲಿಸಿದರು, ಒಂದೂ ತಿಳಿಯದು. ಹೆಂಗಸು ಬಟ್ಟೆಯನ್ನು ಉಡುವವಳಾಗಿ ಮಾತ್ರ ಬರುವಳು. ಕವಿಯು ಸರಕನ್ನು ಕಂಡನು, ಕಲಿಕೆಯನ್ನು ಕಾಣಲಿಲ್ಲ.

ಈ ಕೊರತೆಯು ಎಂತಹುದೆಂಬುದನ್ನು ಈಚಿನ ಚರಿತ್ರೆಯು ತೋರಿಸುವುದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದೇಶವಿಭಜನೆಯ ತರುವಾಯ, 1948ರಲ್ಲಿ, ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿ ನಿರಾಶ್ರಿತರ ನಡುವೆ ಕೆಲಸಕ್ಕಿಳಿದರು. ವಾಯವ್ಯ ಗಡಿಪ್ರಾಂತದಿಂದ ಬಂದವರು ಫರೀದಾಬಾದಿನಲ್ಲಿ ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. 1952ರಲ್ಲಿ ಆಕೆಯು ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷೆಯಾದರು. ದಾರ್ಜಿಲಿಂಗಿನಲ್ಲಿ 1959ರ ಅಕ್ಟೋಬರ್ 2ರಂದು ಟಿಬೆಟಿನ ನಿರಾಶ್ರಿತರ ಸ್ವಸಹಾಯ ಕೇಂದ್ರವು ಆರಂಭವಾಗಿ, ರತ್ನಗಂಬಳಿ, ಮರಗೆತ್ತನೆ, ಚರ್ಮದ ಕೆಲಸಗಳು ಜೀವನೋಪಾಯಗಳಾದುವು. ಮೈಸೂರು ರಾಜ್ಯವು ನೆಲವನ್ನು ಕೊಟ್ಟ ಬೈಲುಕುಪ್ಪೆಯಲ್ಲಿಯೂ ಬೇಸಾಯದ ಜೊತೆಗೆ ಗಂಬಳಿಯ ಮಗ್ಗಗಳು ನಡೆದುವು. ಲಾಟದವರಂತೆ ಸಿದ್ಧವಾದ ಕುಶಲತೆಯನ್ನು ಹೊತ್ತು ಬರುವ ಭಾಗ್ಯವು ನಿರಾಶ್ರಿತರೆಲ್ಲರಿಗೂ ಇರುವುದಿಲ್ಲ. ಅನೇಕರು ಹೊಸ ಕಸುಬನ್ನು ಮೊದಲಿನಿಂದ ಕಲಿಯಬೇಕು. ಬಲ್ಲವರೂ ಹಳೆಯ ಚಿತ್ತಾರವನ್ನು ಅಪರಿಚಿತನಾದ ಕೊಳ್ಳುವವನ ರುಚಿಗೆ ಹೊಂದಿಸುವುದನ್ನು ಕಲಿಯಬೇಕು. ಕಲಿಸುವವರಿಲ್ಲದಿದ್ದರೆ ಆದರವು ಬರಿಯ ಅನ್ನದಾನದಲ್ಲಿ ನಿಲ್ಲುವುದು.

ಆದರೂ ಇಂದಿನ ಶಿಕ್ಷಣಯೋಜನೆಗಳನ್ನು ಅಳೆಯಲು ವತ್ಸಭಟ್ಟಿಯ ಕಾವ್ಯವೇ ಒಳ್ಳೆಯ ಅಳತೆಗೋಲು. ಕಲಿತವನು ಆ ಕಸುಬನ್ನು ಬಿಟ್ಟು ಬೇರೊಂದನ್ನು ಹಿಡಿಯಲು ಸ್ವತಂತ್ರನೆ? ಗಳಿಸಿದ ಹಣವು ಅವನ ಇಚ್ಛೆಯಂತೆ ವ್ಯಯವಾಗುವುದೆ? ಸುಮಾರು 36 ವರ್ಷಗಳ ಬಳಿಕ ಗುಡಿಯ ಗೋಡೆ ಬಿದ್ದರೆ ಅದನ್ನು ಎತ್ತಿ ನಿಲ್ಲಿಸಲು ಆ ಸಮುದಾಯವು ಸಮುದಾಯವಾಗಿಯೇ ಉಳಿದಿರುವುದೆ? ಅನುಕಾರಿಯೆಂದು ಪಂಡಿತರು ಬದಿಗಿರಿಸಿದ ಕವಿಯು ಈ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಕಲ್ಲಿನಲ್ಲಿ ಬರೆಯಿಸಿರುವನು. ಸಾಹಿತ್ಯದ ಅಧ್ಯಾಪಕರು ಈ ಪ್ರಶಸ್ತಿಯನ್ನು ಮೇಘದೂತದ ಅಡಿಟಿಪ್ಪಣಿಯಾಗಿ ಅಲ್ಲ, ಅದರದೇ ಆದ ವಸ್ತುವಿಗಾಗಿ ಪಾಠಹೇಳುವುದು ಯುಕ್ತವಾಗಿದೆ.